ಫ್ಯಾಟ್ ಬರ್ನಿಂಗ್ ಝೋನ್: ಸೈಕಲ್ ತುಳಿದು ತೂಕ ಇಳಿಸುವವರು ತಿಳಿಯಬೇಕಾದ ಮಾತು

ಸ್ಮಾರ್ಟ್‌ವಾಚ್‌ನಲ್ಲಿ, ಜಿಮ್ಮಿನ ಸೈಕಲ್ಲಿನ ಪರದೆಯಲ್ಲಿ ‘ಫ್ಯಾಟ್ ಬರ್ನಿಂಗ್ ಝೋನ್’ ಅಂತ ಒಂದು ಬಣ್ಣದ ಪಟ್ಟಿ ಇರುತ್ತದೆ. ಎದೆಬಡಿತ ಆ ಪಟ್ಟಿಯೊಳಗೆ ಇದ್ದರೆ ಮಾತ್ರ ಕೊಬ್ಬು ಕರಗುತ್ತದೆ, ಅದನ್ನು ದಾಟಿದರೆ ತುಳಿದದ್ದೆಲ್ಲ ದಂಡ ಅಂತ ನಂಬಿದವರು ಬಹಳ ಜನ. ಇದರಲ್ಲಿ ನಿಜವೂ ಇದೆ, ದೊಡ್ಡ ತಪ್ಪುತಿಳಿವಳಿಕೆಯೂ ಇದೆ.

ನಿಜ ಏನು ಅಂತ ಮೊದಲು ನೋಡೋಣ. ಸೈಕಲ್ ತುಳಿಯುವಾಗ ಸ್ನಾಯುಗಳು ಮುಖ್ಯವಾಗಿ ಎರಡು ಇಂಧನ ಬಳಸುತ್ತವೆ. ಒಂದು ಕೊಬ್ಬು. ಇನ್ನೊಂದು ಗ್ಲೈಕೊಜೆನ್, ಅಂದರೆ ಅನ್ನ, ದೋಸೆ, ಸಕ್ಕರೆಯಿಂದ ಬಂದು ಸ್ನಾಯು ಮತ್ತು ಯಕೃತ್ತಿನಲ್ಲಿ ಕೂತಿರುವ ಪಿಷ್ಟ. ಗ್ಲೈಕೊಜೆನ್ ದಾಸ್ತಾನು ಚಿಕ್ಕದು. ಸುಮಾರು 400ರಿಂದ 500 ಗ್ರಾಂ, ಹೆಚ್ಚೆಂದರೆ 2000 ಕ್ಯಾಲೊರಿ ಅಷ್ಟೆ. ಕೊಬ್ಬಿನ ದಾಸ್ತಾನು ಹಾಗಲ್ಲ. ಮೈಯಲ್ಲಿರುವ ಒಂದೇ ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಆದರೆ ಕೊಬ್ಬು ನಿಧಾನಕ್ಕೆ ಉರಿಯುತ್ತದೆ. ಆರಾಮಾಗಿ ತುಳಿಯುವಾಗ ಬಹುಪಾಲು ಅದೇ ಸಾಕಾಗುತ್ತದೆ. ಏರು ಬಂತು, ಜೋರಾಗಿ ತುಳಿಯಬೇಕು ಅಂದಾಗ ಗ್ಲೈಕೊಜೆನ್ನೇ ಮುಂದೆ ಬರಬೇಕು. ಹಾಗಾಗಿ ಹಗುರ ವೇಗದಲ್ಲಿ ಕೊಬ್ಬಿನ ಪಾಲು ಜಾಸ್ತಿ, ಜೋರು ವೇಗದಲ್ಲಿ ಕಡಿಮೆ.

ವಾಚುಗಳು ಈ ಹಗುರ ಪಟ್ಟಿಯನ್ನು ಸಾಮಾನ್ಯವಾಗಿ ಗರಿಷ್ಠ ಎದೆಬಡಿತದ ಶೇ. 60–70 ಅಂತ ಇಟ್ಟುಕೊಳ್ಳುತ್ತವೆ. ಗರಿಷ್ಠ ಬಡಿತಕ್ಕೆ 220ರಿಂದ ವಯಸ್ಸನ್ನು ಕಳೆಯುವ ಲೆಕ್ಕ ಇದೆ. ನಲವತ್ತು ವರ್ಷದವರಿಗೆ 180 ಬರುತ್ತದೆ. ಅವರ ಪಟ್ಟಿ ನಿಮಿಷಕ್ಕೆ 108ರಿಂದ 126. ಈ ಸೂತ್ರ ಬರೀ ಅಂದಾಜು. ಒಬ್ಬೊಬ್ಬರಿಗೆ ಹತ್ತು-ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ನನ್ನನ್ನು ಕೇಳಿದರೆ ಇದಕ್ಕಿಂತ ಮಾತಿನ ಪರೀಕ್ಷೆಯೇ ವಾಸಿ. ಪಕ್ಕದಲ್ಲಿ ಬರುವವರ ಜೊತೆ ಅಡಿಕೆ ದರದ ಬಗ್ಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ನೀವು ಹಗುರ ವೇಗದಲ್ಲಿದ್ದೀರಿ. ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಅದನ್ನು ದಾಟಿದ್ದೀರಿ.

ಈಗ ತಪ್ಪುತಿಳಿವಳಿಕೆಗೆ ಬರೋಣ. ಪಾಲು ಬೇರೆ, ಪ್ರಮಾಣ ಬೇರೆ. ಹಗುರಾಗಿ ತುಳಿದರೆ ಗಂಟೆಗೆ 400 ಕ್ಯಾಲೊರಿ ಖರ್ಚಾಗುತ್ತದೆ, ಅದರಲ್ಲಿ ಶೇ. 60 ಕೊಬ್ಬಿನಿಂದ ಅಂತ ಇಟ್ಟುಕೊಳ್ಳಿ. ಕೊಬ್ಬಿನ ಲೆಕ್ಕದಲ್ಲಿ 240 ಹೋಯಿತು. ಜೋರಾಗಿ ತುಳಿದರೆ ಗಂಟೆಗೆ 700 ಖರ್ಚು, ಕೊಬ್ಬಿನ ಪಾಲು ಶೇ. 30. ಆಗ 210. ದೊಡ್ಡ ವ್ಯತ್ಯಾಸ ಇಲ್ಲ, ಅಲ್ವಾ? ಆದರೆ ಒಟ್ಟು ಖರ್ಚು 300 ಕ್ಯಾಲೊರಿ ಜಾಸ್ತಿ ಆಯಿತು. ತೂಕಕ್ಕೆ ಮುಖ್ಯ ಆಗುವುದು ಈ ಒಟ್ಟು. ಗ್ಲೈಕೊಜೆನ್ ಖಾಲಿ ಆದಾಗ ಆಮೇಲೆ ತಿಂದ ಅನ್ನ ಆ ಜಾಗ ತುಂಬಲು ಹೋಗುತ್ತದೆ, ದೇಹ ಉಳಿದ ಹೊತ್ತಿನ ಕೆಲಸಕ್ಕೆ ಕೊಬ್ಬನ್ನು ಹೆಚ್ಚು ಬಳಸುತ್ತದೆ. ಒಂದು ದಿನದಲ್ಲಿ, ಒಂದು ವಾರದಲ್ಲಿ ತಿಂದದ್ದಕ್ಕಿಂತ ಖರ್ಚು ಜಾಸ್ತಿ ಇದೆಯಾ ಅನ್ನುವುದೇ ಲೆಕ್ಕ. ಝೋನ್ ಹೇಳುವುದು ಈ ಕ್ಷಣ ಯಾವ ಇಂಧನ ಉರಿಯುತ್ತಿದೆ ಅಂತ ಮಾತ್ರ.

ಹಾಗಾದರೆ ಹಗುರ ವೇಗ ಬೇಡವೇ? ಖಂಡಿತ ಬೇಕು, ಕಾರಣ ಮಾತ್ರ ಬೇರೆ. ಹಗುರಾಗಿ ಎರಡು ಗಂಟೆ ತುಳಿದವರು ಮರುದಿನ ಮತ್ತೆ ಸೈಕಲ್ ಹತ್ತಬಹುದು. ಪ್ರತಿದಿನ ಏದುಸಿರು ಬಿಟ್ಟು ತುಳಿದವರು ಮಧ್ಯಾಹ್ನವೆಲ್ಲ ಮಲಗುತ್ತಾರೆ, ವಾರ ಕಳೆಯುವುದರೊಳಗೆ ಬಿಟ್ಟೂ ಬಿಡುತ್ತಾರೆ. ಹೆಚ್ಚಿನ ದಿನ ಹಗುರ, ವಾರಕ್ಕೆ ಒಂದೋ ಎರಡೋ ದಿನ ಜೋರು. ಇಷ್ಟು ಸಾಕು.

ಜೋರು ಬೇಕು ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟಕ್ಕೆ ಕೊರತೆಯೇ? ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವವರು ಕಡಲ ಮಟ್ಟದಿಂದ 500 ಮೀಟರಿಗೂ ಹೆಚ್ಚು ಮೇಲೇರುತ್ತಾರೆ. 70 ಕಿಲೋ ತೂಕದವರು 12 ಕಿಲೋ ಸೈಕಲ್ ಸಮೇತ 500 ಮೀಟರ್ ಏರಿದರೆ ಪೆಡಲ್ ಮೇಲೆ ಸುಮಾರು 400 ಕಿಲೋಜೂಲ್ ಕೆಲಸ ಆಗುತ್ತದೆ. ಒಂದು ಕ್ಯಾಲೊರಿ ಅಂದರೆ ಸುಮಾರು 4.2 ಕಿಲೋಜೂಲ್. ಆದರೆ ದೇಹ ಉರಿಸಿದ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ನಾಲ್ಕನೇ ಒಂದು ಪಾಲು ಅಥವಾ ಇನ್ನೂ ಕಡಿಮೆ, ಉಳಿದದ್ದು ಶಾಖ. ಹಾಗಾಗಿ ಎರಡೂ ಸರಿದೂಗಿ, ಪೆಡಲಿನ ಕಿಲೋಜೂಲ್ ಎಷ್ಟೋ ದೇಹ ಖರ್ಚು ಮಾಡಿದ ಕ್ಯಾಲೊರಿಯೂ ಹೆಚ್ಚು ಕಡಿಮೆ ಅಷ್ಟೇ. ಬರೀ ಎತ್ತರಕ್ಕೇ 400 ಕ್ಯಾಲೊರಿ. ಗಾಳಿ, ರಸ್ತೆಯ ತಡೆ ಇದಕ್ಕೆ ಸೇರಿಸಿಕೊಳ್ಳಬೇಕು. ಪವರ್ ಮೀಟರ್, ಅಂದರೆ ಪೆಡಲ್ ಮೇಲಿನ ಕೆಲಸವನ್ನೇ ಅಳೆಯುವ ಸಾಧನ, ಇರುವ ಸೈಕಲ್ಲಿನ ಲೆಕ್ಕ ನಂಬಿಕೆಗೆ ಹತ್ತಿರ ಇರುವುದು ಇದೇ ಕಾರಣಕ್ಕೆ.

ಬರೀ ಎದೆಬಡಿತ ನೋಡಿ ಕ್ಯಾಲೊರಿ ಹೇಳುವ ವಾಚನ್ನು ಕರಾವಳಿಯಲ್ಲಿ ಅಷ್ಟು ನಂಬಬಾರದು. ಏಪ್ರಿಲ್-ಮೇ ತಿಂಗಳಲ್ಲಿ ಕಾರವಾರದಿಂದ ಅಂಕೋಲೆಗೆ ಹೊರಡಿ. ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಆರುವುದೇ ಇಲ್ಲ. ಮೈ ತಣಿಸಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ಕಳಿಸಬೇಕು. ಜೊತೆಗೆ ಬೆವರಿನಿಂದ ನೀರು ಹೋಗುತ್ತಿರುತ್ತದೆ. ಕಾಲಿನ ಕೆಲಸ ಅಷ್ಟೇ ಇದ್ದರೂ ಬಡಿತ ಏರುತ್ತಾ ಹೋಗುತ್ತದೆ. ವಾಚು ಅದನ್ನು ದುಡಿಮೆ ಅಂದುಕೊಂಡು ಕ್ಯಾಲೊರಿ ಜಾಸ್ತಿ ತೋರಿಸುತ್ತದೆ. ಮನೆಗೆ ಬಂದು ತೂಕ ನೋಡಿದರೆ ಒಂದು ಕಿಲೋ ಕಡಿಮೆ! ಅದು ಬೆವರು. ಒಂದು ಲೀಟರ್ ಬೆವರು ಅಂದರೆ ಒಂದು ಕಿಲೋ. ನೀರು ಕುಡಿದರೆ ವಾಪಸ್ ಬರುತ್ತದೆ, ಬರಲೇಬೇಕು.

ತಿಂದದ್ದನ್ನು ಬರೆದಿಡುವ ಕೆಲಸ ಇದಕ್ಕಿಂತ ಮುಖ್ಯ. ನಾನು ಕಂಡ ಹಾಗೆ ನಮ್ಮವರು ಅನ್ನವನ್ನು ಎಣಿಸುತ್ತಾರೆ, ಅದರ ಜೊತೆಗೆ ಬಂದದ್ದನ್ನು ಬಿಡುತ್ತಾರೆ. ಬಂಗಡೆ ಸಾರಿಗೆ ಅರೆದ ಕಾಯಿಯಲ್ಲಿ ನಿಮ್ಮ ಪಾಲಿಗೆ 50 ಗ್ರಾಂ ಬಂದರೆ ಅದೇ ಸುಮಾರು 175 ಕ್ಯಾಲೊರಿ. ತೆಳ್ಳೇವು (ತೆಳು ದೋಸೆ) ಹಗುರ ಅಂತ ನಾಲ್ಕು ತಿನ್ನುತ್ತೇವೆ, ಅದರ ಮೇಲಿನ ತುಪ್ಪ, ಜೋನಿ ಬೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ಚಮಚ ತುಪ್ಪ ಅಂದರೆ ಸುಮಾರು 120. ಸುಮ್ನೆ ಬಾಯಿಗೆ ಹಾಕಿಕೊಂಡ ಒಂದು ಹಿಡಿ ಗೇರುಬೀಜ, 30 ಗ್ರಾಂ ಇದ್ದರೆ 165ರ ಹತ್ತಿರ. ಹಗುರ ವೇಗದಲ್ಲಿ ಅಷ್ಟನ್ನು ಕಳೆಯಲು 25 ನಿಮಿಷ ತುಳಿಯಬೇಕು. ಕಾಯಿ, ತುಪ್ಪ, ಗೇರು ಕೆಟ್ಟದ್ದಲ್ಲ. ಬಿಡಿ ಅಂತಲೂ ನಾನು ಹೇಳುವುದಿಲ್ಲ. ಲೆಕ್ಕಕ್ಕೆ ಸೇರಿಸಿ, ಅಷ್ಟೆ.

ಎಣ್ಣೆಗೆ ಒಂದು ಸುಲಭ ದಾರಿ ಇದೆ. ನಾಲ್ಕು ಜನರ ಮನೆಗೆ ತಿಂಗಳಿಗೆ 3 ಲೀಟರ್ ಎಣ್ಣೆ ಬೇಕಾದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಎಣ್ಣೆಯಿಂದಲೇ ಬಂತು. ಚಮಚ ಹಿಡಿದು ಒಲೆ ಮುಂದೆ ನಿಲ್ಲಬೇಕಾಗಿಲ್ಲ. ಅಂಗಡಿ ಚೀಟಿ ಸಾಕು.

ಎಷ್ಟು ಕೊರತೆ ಇಟ್ಟುಕೊಳ್ಳಬೇಕು? ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಆದರೆ ವಾರಕ್ಕೆ ಹೆಚ್ಚು ಕಡಿಮೆ ಅರ್ಧ ಕಿಲೋ ಇಳಿಯುತ್ತದೆ. ಇದಕ್ಕಿಂತ ಜಾಸ್ತಿ ಕೊರತೆ ಇಟ್ಟುಕೊಂಡು ಘಟ್ಟ ಹತ್ತಬೇಡಿ. ಅರ್ಧ ಏರಿನಲ್ಲಿ ಕಾಲು ಸೋತು, ತಲೆ ಸುತ್ತಿ ಕೂರಬೇಕಾಗುತ್ತದೆ. ಜೋರು ತುಳಿಯುವ ದಿನ ಹೊರಡುವ ಮೊದಲು ಬಾಳೆಹಣ್ಣೋ ಗಂಜಿಯೋ ಹೊಟ್ಟೆಯಲ್ಲಿರಲಿ. ಮೀನು, ಮೊಟ್ಟೆ, ಬೇಳೆ ಕಡಿಮೆ ಮಾಡಬೇಡಿ. ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಬಿ.ಪಿ.ಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತ ಜೋರಾಗಿ ತುಳಿದರೂ ಅಷ್ಟು ಏರುವುದಿಲ್ಲ. ಅವರಿಗೆ ವಾಚಿನ ಪಟ್ಟಿ ಹೊಂದುವುದಿಲ್ಲ, ಮಾತಿನ ಪರೀಕ್ಷೆಯೇ ಸರಿ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ಸೈಕಲ್ ಹತ್ತುವ ಮೊದಲು ತಮ್ಮ ಡಾಕ್ಟರ ಹತ್ತಿರ ಡೋಸ್ ಬಗ್ಗೆ ಕೇಳಲೇಬೇಕು.