ಪದ ಪರಿಚಯ: ಮುಯ್ಯಿ

ತೊಗರಿ ರಾಶಿಯ ದಿನಗಳಲ್ಲಿ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: "ನಾಳಿ ನಮ್ಮ ಹೊಲಕ್ಕ ಮುಯ್ಯಾಳು ಬರ್ರಿ." ಕರೆಯುವುದು ಕೂಲಿಗಲ್ಲ, ಮುಯ್ಯಿಗೆ. ಇವತ್ತು ನೀವು ನಮ್ಮ ಹೊಲದಲ್ಲಿ ಒಂದು ದಿನ ದುಡಿದರೆ, ಮುಂದೆ ನಾವು ನಿಮ್ಮ ಹೊಲದಲ್ಲಿ ಒಂದು ದಿನ. ದುಡ್ಡಿನ ಮಾತೇ ಇಲ್ಲ.

ಮದುವೆಯಲ್ಲಿ ಕೊಡುವ ಉಡುಗೊರೆಯೂ ಮುಯ್ಯಿಯೇ. ನಮ್ಮ ಕಡೆ ಅದಕ್ಕೆ ಆಯೇರಿ ಅನ್ನುವುದು ಜಾಸ್ತಿ. ಸೇಡು ತೀರಿಸಿಕೊಂಡರೂ 'ಮುಯ್ಯಿ ತೀರಿಸಿಕೊಂಡ' ಅನ್ನುತ್ತೇವೆ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಪಡೆದದ್ದನ್ನು ಅಷ್ಟೇ ಅಳತೆಗೆ ತಿರುಗಿ ಕೊಡುವುದು ಇದರ ತಿರುಳು.

ನಾನು ಈ ಪದ ಎತ್ತಿಕೊಂಡದ್ದು ಕಲಿಕೆಯ ಕಾರಣಕ್ಕೆ. ಓಣಿಯ ಜನರೇ ಸೇರಿ ನಡೆಸುವ ಶಾಲೆಗಳಿವೆ. ಫೀಸು ಇರುವುದಿಲ್ಲ. ಬಲ್ಲವರು ಕಲಿಸುತ್ತಾರೆ, ಬೇಕಾದವರು ಕಲಿಯುತ್ತಾರೆ. ಇದನ್ನು 'ಫ್ರೀ ಸ್ಕೂಲ್' ಅಂತಾರೆ. ನಮ್ಮ ಬಾಯಲ್ಲಿ ಅದು 'ಫುಕಟ್ ಸಾಲಿ' ಆಗಿಬಿಡುತ್ತದೆ. ಅಲ್ಲೇ ಅರ್ಥ ಕೆಡುವುದು. ಫುಕಟ್ ಅಂದ ಕೂಡಲೇ ಯಾರೋ ದಯೆ ತೋರಿಸಿ ಕೊಟ್ಟದ್ದು, ಬೆಲೆ ಇಲ್ಲದ್ದು ಅನ್ನಿಸುತ್ತದೆ ಅಲ್ವಾ? 'ಫ್ರೀ' ಎಂಬುದಕ್ಕೆ ಸ್ವತಂತ್ರ ಎಂಬ ಅರ್ಥವೂ ಇದೆ. 1964ರ ಬೇಸಿಗೆಯಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಕಪ್ಪು ಜನರಿಗಾಗಿ 40ರಷ್ಟು 'ಫ್ರೀಡಂ ಸ್ಕೂಲ್'ಗಳು ನಡೆದವು. ಚರ್ಚುಗಳಲ್ಲಿ, ಮನೆಗಳಲ್ಲಿ, ಮರದ ಕೆಳಗೆ. ಓದು ಬರಹದ ಜೊತೆಗೆ ತಮ್ಮ ಇತಿಹಾಸವನ್ನೂ ಹಕ್ಕುಗಳನ್ನೂ ಅಲ್ಲಿ ಕಲಿತರು.

ನಮ್ಮಲ್ಲೂ ಅಂಥದ್ದು ನಡೆದಿದೆ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆಯ ಭಾಷೆ ಉರ್ದು. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಬೀದರ್ ಜಿಲ್ಲೆಯ ಹಿರಿಯರು ಇದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅದನ್ನು ಫುಕಟ್ ಸಾಲಿ ಅನ್ನಲು ನಾಲಿಗೆ ಏಳುವುದಿಲ್ಲ.

ಹಾಗಾದರೆ ದಾನ ಅನ್ನೋಣವೇ? ದಾನದಲ್ಲಿ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ಬಸವಕಲ್ಯಾಣದ ಶರಣರು ದಾನದ ಬದಲು ದಾಸೋಹ ಅಂದರು. 'ನಾನು ದಾಸ' ಎಂದು ಕೊಡುವುದು ದಾಸೋಹ. ದೊಡ್ಡ ಮಾತು ಅದು. ಆದರೆ ದಾಸೋಹದಲ್ಲೂ ಉಣಬಡಿಸುವವರು ಬೇರೆ, ಉಣ್ಣುವವರು ಬೇರೆ. ಮುಯ್ಯಿಯಲ್ಲಿ ಇಬ್ಬರೂ ಎರಡೂ ಆಗುತ್ತಾರೆ. ಓಣಿಯ ಕಲಿಕೆಗೆ ನನಗೆ ಅದೇ ಸರಿಯಾದ ಪದ ಅನ್ನಿಸುತ್ತದೆ.

ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ಕೌದಿ ಹೊಲಿಯುವುದರಲ್ಲಿ ಮಾತ್ರ ಆಕೆಯನ್ನು ಮೀರಿಸುವವರಿರಲಿಲ್ಲ. ಹಳೇ ಸೀರೆಗಳನ್ನು ಪದರ ಪದರ ಹಾಸಿ, ಅಂಚಿನಿಂದ ಒಳಗೆ ಸಾಲು ಸಾಲಾಗಿ ಹೊಲಿಗೆ ಎಳೆಯುವಳು. ಪಕ್ಕದ ಮನೆಯ ಕಾಲೇಜು ಹುಡುಗಿಗೆ ಅದನ್ನು ಕಲಿಯುವ ಆಸೆ. "ಅತ್ತಿ, ಕಲಿಸ್ರಿ" ಅಂದಳು. "ಕಲಿಸ್ತೀನಿ, ನನಗ ಬಸ್ಸಿನ ಬೋರ್ಡು ಓದೂದು ಕಲಿಸವ್ವ" ಅಂದಳು ಅವ್ವ. ಮಧ್ಯಾಹ್ನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಸೂಜಿ ಒಂದು ಕಡೆ, ಪಾಟಿ ಒಂದು ಕಡೆ. ಹತ್ತು ದಿನಕ್ಕೆ ಇನ್ನೂ ನಾಲ್ಕು ಜನ ಬಂದು ಕೂತರು. ಹೊಲಿಗೆ ಮಷಿನ್ ಬಲ್ಲವರೊಬ್ಬರು, ಬ್ಯಾಂಕಿನ ಚಲನ್ ತುಂಬಲು ಬಲ್ಲವರೊಬ್ಬರು.

ಈ ಪದಕ್ಕೊಂದು ಕೊರತೆಯೂ ಇದೆ, ಹೇಳಲೇಬೇಕು. ಹೊಲದ ಮುಯ್ಯಿ ಹೊಲ ಇದ್ದವರ ನಡುವೆ ಮಾತ್ರ ನಡೆಯುತ್ತಿತ್ತು. ಭೂಮಿ ಇಲ್ಲದವರಿಗೆ ಕೂಲಿಯೇ ಗತಿ. ತಿರುಗಿ ಪಡೆಯಲು ಅವರಿಗೆ ಹೊಲ ಎಲ್ಲಿತ್ತು? ಕಲಿಕೆಯ ಮುಯ್ಯಿಯಲ್ಲಿ ಈ ಗೋಡೆ ಇಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಹಾಗಂತ ಉಳಿದ ಅರ್ಧ ಜನಕ್ಕೆ ಏನೂ ಬರುವುದಿಲ್ಲವೇ? ಬೀಜ ಆರಿಸುವವರು, ತಾಂಡಾದಲ್ಲಿ ಕಸೂತಿ ಹಾಕುವವರು, ಕಲ್ಲು ಕಟೆಯುವವರು ಅವರಲ್ಲೇ ಇದ್ದಾರೆ. ಸಾಕ್ಷರತೆಯ ಲೆಕ್ಕದಲ್ಲಿ ಅವರ ಕೈಕೆಲಸಕ್ಕೆ ಜಾಗವಿಲ್ಲ.

ಇನ್ನೊಂದು ಫರಕು. ಹೊಲದ ಮುಯ್ಯಿಯನ್ನು ಕೊಟ್ಟವರಿಗೇ ತೀರಿಸಬೇಕು. ಕಲಿತದ್ದನ್ನು ಮೂರನೆಯವರಿಗೆ ತೀರಿಸಿದರೂ ನಡೆಯುತ್ತದೆ. ಆ ಹುಡುಗಿ ಮದುವೆಯಾಗಿ ಹೋದಳು. ಈಗ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ "ಯವ್ವಾ, ಇದು ಬೀದರ್ ಬಸ್ಸೇನ್ರಿ?" ಅಂದರೆ, ಅವ್ವ ತಲೆ ಎತ್ತಿ ಬೋರ್ಡು ಓದಿ ಹೇಳುತ್ತಾಳೆ.