ಪಾಯಸ ಬಿಟ್ಟರೆ ಸಾಕಾ? ಶುಗರ್ ಮತ್ತು ಸೋತ ಹೃದಯದ ಕಥೆ

ಬದಿಯಡ್ಕ, ಕುಂಬಳೆ ಕಡೆ ಊಟದ ಪಂಕ್ತಿಯಲ್ಲಿ ಕೂತರೆ ಪಾಯಸ ಬರುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ನಿಮ್ಮ ಮೂರು ತಿಂಗಳ ಶುಗರ್ ಎಷ್ಟು?" (ಮೂರು ತಿಂಗಳ ಸರಾಸರಿ ಹೇಳುವ HbA1c ರಕ್ತಪರೀಕ್ಷೆಯ ಲೆಕ್ಕ ಇದು.) ಆರೂವರೆ ಅಂದವರಿಗೆ ಶಭಾಷ್. ಎಂಟು ಅಂದವರು ಬಾಳೆಲೆಗೆ ಕೈ ಅಡ್ಡ ಹಿಡಿಯಬೇಕು. ಆದರೆ ಶುಗರ್ ಜೊತೆ ಹಾರ್ಟ್ 'ಪಂಪಿಂಗ್ ಕಮ್ಮಿ' (ಹಾರ್ಟ್ ಫೇಲ್ಯೂರ್) ಆದವರಿಗೆ ಈ ಲೆಕ್ಕ ಅಷ್ಟು ಸಲೀಸಲ್ಲ. ಡಾಕ್ಟರರಿಗೂ ಅದು ತಡವಾಗಿಯೇ ಗೊತ್ತಾಯಿತು.

ಶುಗರ್ ಹಿಡಿತದಲ್ಲಿದ್ದರೆ ಕಣ್ಣು, ಕಿಡ್ನಿ ಉಳಿಯುತ್ತವೆ ಎಂದು 1998ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನ ತೋರಿಸಿತು. ಹಾಗಾದರೆ ಇನ್ನೂ ಇಳಿಸಿದರೆ ಹೃದಯವೂ ಉಳಿಯಬೇಕಲ್ವಾ? ಅಮೆರಿಕ, ಕೆನಡಾಗಳ 'ಅಕಾರ್ಡ್' ಅಧ್ಯಯನದಲ್ಲಿ 10,251 ಜನರಿದ್ದರು, ಎಲ್ಲರೂ ಹೃದಯದ ಅಪಾಯ ಜಾಸ್ತಿ ಇದ್ದವರು. ಅರ್ಧದಷ್ಟು ಜನರಿಗೆ ಮೂರು ತಿಂಗಳ ಶುಗರನ್ನು 6ಕ್ಕಿಂತ ಕೆಳಗೆ ಇಳಿಸುವ ಗುರಿ. 2008ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬಿಗಿ ಹಿಡಿದವರಲ್ಲಿ 257 ಸಾವು, ಉಳಿದವರಲ್ಲಿ 203.

ರೋಸಿಗ್ಲಿಟಜೋನ್ ಎಂಬ ಮಾತ್ರೆಯದ್ದು ಇನ್ನೊಂದು ಕಥೆ. ಶುಗರ್ ಚೆನ್ನಾಗಿಯೇ ಇಳಿಸುತ್ತಿತ್ತು. ಆದರೆ ಮೈಯಲ್ಲಿ ನೀರು ನಿಲ್ಲಿಸುತ್ತಿತ್ತು. ಕಾಲು ಬಾತು, ದಮ್ಮು ಕಟ್ಟಿ, ಸೋತ ಹೃದಯ ಇನ್ನೂ ಸೋಲುತ್ತಿತ್ತು. 2010ರಲ್ಲಿ ಭಾರತ ಅದನ್ನು ನಿಷೇಧಿಸಿತು.

ತಿರುವು ಬಂದದ್ದು 2015ರಲ್ಲಿ. ಎಂಪಾಗ್ಲಿಫ್ಲೋಜಿನ್ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ, ಜೊತೆಗೆ ಒಂದಿಷ್ಟು ಉಪ್ಪು, ನೀರನ್ನೂ. ಅದರ ಅಧ್ಯಯನದಲ್ಲಿ ಶುಗರ್ ಇಳಿದದ್ದು ಸ್ವಲ್ಪವೇ. ಆದರೆ ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆ ಸೇರುವುದು 35 ಶೇಕಡಾ ಕಮ್ಮಿಯಾಯಿತು. ಇದೇ ಗುಂಪಿನ ಡಾಪಾಗ್ಲಿಫ್ಲೋಜಿನ್, ಹಾರ್ಟ್ ಫೇಲ್ಯೂರ್ ಇದ್ದು ಶುಗರೇ ಇಲ್ಲದವರಿಗೂ ಒಳ್ಳೆಯದು ಮಾಡುತ್ತದೆ ಎಂದು 2019ರಲ್ಲಿ ಗೊತ್ತಾಯಿತು. ಎಷ್ಟು ಇಳಿಸಿದೆವು ಅನ್ನುವುದಕ್ಕಿಂತ ಯಾವುದರಿಂದ ಇಳಿಸಿದೆವು ಅನ್ನುವುದೇ ದೊಡ್ಡದು, ನನಗೆ ಕಾಣುವುದು ಹೀಗೆ. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ನಮ್ಮ ಪೇಟೆಯ ಮೆಡಿಕಲ್‌ಗಳಲ್ಲೂ ಅಗ್ಗದ ಮಾತ್ರೆ ಬಂತು.

ಈಗ ವಯಸ್ಸಾದ, ಹೃದಯ ಸೋತವರಿಗೆ ಮೂರು ತಿಂಗಳ ಶುಗರ್ 7ರಿಂದ 8ರ ಒಳಗಿದ್ದರೂ ಎಷ್ಟೋ ಡಾಕ್ಟರರು ತಲೆ ಕೆಡಿಸಿಕೊಳ್ಳುವುದಿಲ್ಲ. ಇನ್ಸುಲಿನ್‌ನಿಂದ ರಾತ್ರಿ ಶುಗರ್ ಕುಸಿಯುವುದೇ ಅವರ ಚಿಂತೆ. ನಮ್ಮವರೋ, ಪಾಯಸ ಬಿಟ್ಟು ಕುಚ್ಚಲಕ್ಕಿ ಗಂಜಿಗೆ ಎರಡು ಮಿಡಿ ಉಪ್ಪಿನಕಾಯಿ ಹಾಕಿಕೊಳ್ಳುತ್ತಾರೆ! ನೀರು ನಿಲ್ಲಿಸುವುದು ಆ ಉಪ್ಪು.

ಹೊಸ ಮಾತ್ರೆಗೂ ಒಂದು ಕೊಕ್ಕೆ ಇದೆ. ಉಪವಾಸದ ದಿನ, ವಾಂತಿ-ಭೇದಿ ಆದಾಗ ಅದನ್ನು ನಿಲ್ಲಿಸಬೇಕಾಗಬಹುದು. ಯಾಕೆಂದರೆ ಆಗ ಮೀಟರಿನಲ್ಲಿ ಶುಗರ್ ಅಷ್ಟೇನೂ ಏರದೆಯೇ ರಕ್ತದಲ್ಲಿ ಆಮ್ಲ ಏರುವುದುಂಟು. ಏಕಾದಶಿಗೋ ರಂಜಾನಿಗೋ ಮುಂಚೆಯೇ ಡಾಕ್ಟರರನ್ನು ಕೇಳಿಟ್ಟುಕೊಳ್ಳಿ.