ಈಜುಕೊಳದಲ್ಲಿ ಐಸ್ ಕಟ್ಟಿದರೆ ಮೊದಲು ಪೈಪು ನೋಡಿ

2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯ ಚಳಿಗೆ ತತ್ತರಿಸಿತು. 16ನೇ ತಾರೀಕು ಡಲ್ಲಾಸ್‌ನಲ್ಲಿ ತಾಪಮಾನ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಲಕ್ಷಗಟ್ಟಲೆ ಮನೆಗಳಲ್ಲಿ ಕರೆಂಟ್ ಹೋಯಿತು. ಹಿತ್ತಲಿನ ಈಜುಕೊಳಗಳ ಮೇಲೆ ಐಸ್ ಕಟ್ಟಿತು. ಡಲ್ಲಾಸ್, ಆಸ್ಟಿನ್ ಸುತ್ತ ನೆಲೆಸಿರುವ ಕನ್ನಡಿಗರಿಗೂ ಆ ವಾರ ಚೆನ್ನಾಗಿ ನೆನಪಿರುತ್ತದೆ. ಐಸ್ ನೋಡಿ ಎಲ್ಲರಿಗೂ ಗಾಬರಿಯಾದದ್ದು ಸಹಜ. ಆದರೆ ಹೆಚ್ಚಾಗಿ ಒಡೆದದ್ದು ಕೊಳವಲ್ಲ, ಪಕ್ಕದ ಪಂಪು, ಫಿಲ್ಟರ್, ಪೈಪುಗಳು.

ಯಾಕೆ ಹೀಗೆ? ನೀರು ಅತಿ ಹೆಚ್ಚು ಸಾಂದ್ರವಾಗಿರುವುದು ಸುಮಾರು 4 ಡಿಗ್ರಿಯಲ್ಲಿ. ಆ ನೀರು ತಳಕ್ಕೆ ಇಳಿಯುತ್ತದೆ, ಅದಕ್ಕಿಂತ ತಣ್ಣಗಾದದ್ದು ಮೇಲೆ ಉಳಿಯುತ್ತದೆ. ಹಾಗಾಗಿ ಐಸ್ ಮೇಲಿನಿಂದ ಕಟ್ಟುತ್ತದೆ. ಕಟ್ಟಿದ ಪದರ ಕಂಬಳಿಯ ಹಾಗೆ ಕೆಳಗಿನ ನೀರನ್ನು ಕಾಯುತ್ತದೆ. ಅಂಚಿನ ಟೈಲ್ಸ್ ಒಂದಷ್ಟು ಬಿರುಕು ಬಿಡಬಹುದು, ಅಷ್ಟೇ.

ಪೈಪಿನ ಕಥೆ ಬೇರೆ. ಅದರಲ್ಲಿರುವುದು ಸ್ವಲ್ಪ ನೀರು, ಚಳಿ ಮಾತ್ರ ಸುತ್ತಲಿಂದಲೂ ತಾಗುತ್ತದೆ. ನೀರು ಐಸ್ ಆದಾಗ ಶೇ. 9ರಷ್ಟು ಹಿಗ್ಗುತ್ತದೆ. ಒಂದು ಕಡೆ ಐಸ್ ಬಿರಡೆಯಂತೆ ಕೂತು ಬೆಳೆಯುತ್ತಾ ಹೋದರೆ, ಅದಕ್ಕೂ ಮುಚ್ಚಿದ ವಾಲ್ವ್‌ಗೂ ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ಜಾಗವೇ ಇಲ್ಲ. ನೀರನ್ನು ಒತ್ತಿ ಕುಗ್ಗಿಸುವುದೂ ಕಷ್ಟ, ಅಲ್ವಾ? ಒತ್ತಡ ಏರುತ್ತದೆ. ಕೊನೆಗೆ ಎಷ್ಟೋ ಸಲ ಪೈಪು ಸೀಳುವುದು ಐಸ್ ಇರದ ಜಾಗದಲ್ಲೇ! ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಇದೇ.

ಕರೆಂಟ್ ಇದ್ದರೆ ಪಂಪು ಓಡುತ್ತಿರಲಿ. ಕೊಳದ ನೀರು ಗಾಳಿಗಿಂತ ಬೆಚ್ಚಗಿರುತ್ತದೆ, ಅದು ಹರಿಯುತ್ತಾ ಪೈಪಿಗೂ ಶಾಖ ಮುಟ್ಟಿಸುತ್ತದೆ. ಕರೆಂಟ್ ಹೋದರೆ ಕಾಯುತ್ತಾ ಕೂರಬಾರದು. ಮೊದಲು ಪಂಪಿನ ಬ್ರೇಕರ್ ಆಫ್ ಮಾಡಿ. ಇಲ್ಲದಿದ್ದರೆ ಕರೆಂಟ್ ಬಂದಾಗ ಪಂಪು ನೀರಿಲ್ಲದೆ ಓಡಿ ಸುಟ್ಟುಹೋಗಬಹುದು. ಆಮೇಲೆ ಪಂಪು, ಫಿಲ್ಟರ್, ಹೀಟರ್‌ಗಳ ಡ್ರೈನ್ ಪ್ಲಗ್ (ನೀರು ಹೊರಬಿಡುವ ಬಿರಡೆ) ಬಿಚ್ಚಿ ನೀರು ಇಳಿಸಿ. ಬಿಚ್ಚಿದ ಪ್ಲಗ್‌ಗಳನ್ನು ಪಂಪಿನೊಳಗಿನ ಕಸ ಹಿಡಿಯುವ ಬುಟ್ಟಿಯಲ್ಲೇ ಇಟ್ಟರೆ ಕಳೆಯುವುದಿಲ್ಲ.

ಮಿನೆಸೋಟದಂಥ ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಮೊದಲೇ ಕಂಪ್ರೆಸರ್‌ನಿಂದ ಗಾಳಿ ಊದಿ ಪೈಪು ಖಾಲಿ ಮಾಡಿ ಮುಚ್ಚುತ್ತಾರೆ. ಕೊಳವನ್ನು ಮಾತ್ರ ಪೂರ್ತಿ ಖಾಲಿ ಮಾಡುವುದಿಲ್ಲ. ಮಾಡಿದರೆ ನೆಲದಡಿಯ ನೀರು ಇಡೀ ತೊಟ್ಟಿಯನ್ನೇ ಮೇಲಕ್ಕೆ ಎತ್ತಬಹುದು.

ಐಸನ್ನು ಸುತ್ತಿಗೆಯಿಂದ ಒಡೆಯಬೇಡಿ, ಕೊಳದ ಒಳಗಿನ ಪ್ಲಾಸ್ಟಿಕ್ ಹೊದಿಕೆ (ಲೈನರ್) ಇದ್ದರೆ ಹರಿದುಹೋಗಬಹುದು. ಮಕ್ಕಳು, ನಾಯಿ ಅದರ ಮೇಲೆ ಕಾಲಿಡದಂತೆ ನೋಡಿಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ. ಐಸ್ ಕರಗಿದ ಮೇಲೆ ಪ್ಲಗ್ ಹಾಕಿ, ಪಂಪಿಗೆ ನೀರು ತುಂಬಿಸಿ, ಆಮೇಲಷ್ಟೇ ಚಾಲೂ ಮಾಡಿ. ಮುಂದಿನ ಕೆಲವು ದಿನ ಕೊಳದ ನೀರಿನ ಮಟ್ಟ ಗಮನಿಸಿ. ಅದು ಸುಮ್ನೆ ಇಳಿಯುತ್ತಾ ಹೋದರೆ ನೆಲದಡಿಯ ಪೈಪು ಸೋರುತ್ತಿರಬಹುದು.